ಒಂದ್ನಿಮಿಷದ ಅಕ್ಕ ಮತ್ತು ಎರಡಕ್ಷರದ ಉತ್ತರ

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ನಾವು ಇಪ್ಪತ್ತಮೂರು ಜನ ಇದ್ದೆವು. ಅದರಲ್ಲಿ ಇಪ್ಪತ್ತೆರಡು ಜನ, ತಾವೊಂದು ದಿನ ಬಾರದಿದ್ದರೆ ಊರಿನ ನಲ್ಲಿಗಳೆಲ್ಲ ಬಾಯಿ ಮುಚ್ಚಿಕೊಳ್ಳುತ್ತವೆ ಎಂದು ನಂಬಿದವರು. ಇಪ್ಪತ್ತಮೂರನೆಯವರಿಗೆ ಹಾಗೆ ನಂಬುವುದಕ್ಕೂ ಪುರಸೊತ್ತಿರಲಿಲ್ಲ.

ಅವರು ದೂರು ವಿಭಾಗದ ಗುಮಾಸ್ತೆ. ನನ್ನ ಮೇಜಿನ ಬಲಗಡೆ, ಅರ್ಧ ಮಾತ್ರ ತೆರೆಯುವ ಕಿಟಕಿಯ ಕೆಳಗೆ ಅವರ ಕುರ್ಚಿ. ಕುರ್ಚಿಯ ಬೆನ್ನಿಗೆ ಒಂದು ಬೂದು ಸ್ವೆಟರ್, ಮೇಜಿನ ಮೇಲೆ ಮುಚ್ಚಳವಿರುವ ಸ್ಟೀಲ್ ಲೋಟ. ಹನ್ನೊಂದಕ್ಕೆ ಬಂದ ಚಹಾ ಒಂದು ಗಂಟೆಗೂ ಆ ಲೋಟದಲ್ಲೇ ಇರುತ್ತಿತ್ತು. ಏಕೆಂದರೆ ಕುರ್ಚಿಯಲ್ಲಿ ಸ್ವೆಟರ್ ಮಾತ್ರ ಕೂತಿರುತ್ತಿತ್ತು. ಅವರು ಇನ್ಯಾರದೋ ಮೇಜಿನ ಹತ್ತಿರ ಬಗ್ಗಿ ನಿಂತಿರುತ್ತಿದ್ದರು.

"ಅಕ್ಕಾ, ಒಂದ್ನಿಮಿಷ!"

ಈ ಕೂಗು ಬೆಳಗ್ಗೆ ಒಂಬತ್ತೂವರೆಗೆ ಟಪಾಲು ಮೇಜಿನಿಂದ ಶುರುವಾಗಿ, ಸಂಜೆ ಅವರು ಚೀಲ ಹೆಗಲಿಗೇರಿಸುವ ಹೊತ್ತಿಗೆ ಹೆಡ್ ಕ್ಲಾರ್ಕ್ ಮೇಜಿನಲ್ಲಿ ಮುಗಿಯುತ್ತಿತ್ತು. ಹೀಗಾಗಿ ಅವರಿಗೆ ಒಂದ್ನಿಮಿಷದ ಅಕ್ಕ ಎಂಬ ಹೆಸರೇ ಅಂಟಿತು. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ಕೆಲಸ ಮಾಡಿಸಿಕೊಳ್ಳುವವರಿಗೆ ವಯಸ್ಸಿನ ಹಂಗಿಲ್ಲ.

ಅಕ್ಕ ಕಂಪ್ಯೂಟರ್ ಓದಿದವರೇನಲ್ಲ. "ನನಗೆ ಬರೋದು ನಾಲ್ಕೇ ವಿದ್ಯೆ. ಆಫ್ ಮಾಡೋದು, ಆನ್ ಮಾಡೋದು, ಹುಡುಕೋದು, ಒಂದ್ಸಲ ಬರೆದಿದ್ದನ್ನ ಎರಡನೇ ಸಲ ಬರೀದೇ ಇರೋದು" ಎನ್ನುತ್ತಿದ್ದರು. ಆದರೆ ಕುರುಡರ ರಾಜ್ಯದಲ್ಲಿ ಒಕ್ಕಣ್ಣನೇ ರಾಜ. ರಾಜನಿಗೆ ಊಟಕ್ಕೆ ಹೊತ್ತಿಲ್ಲ, ಅಷ್ಟೇ.

ನಾವು ಎಂಥ ಕುರುಡರೆಂದು ಹೇಳಬೇಕು. ನಮ್ಮ ಟಪಾಲಿನವರು ನಾಲ್ಕು ಸಾವಿರ ನಲ್ಲಿ ಸಂಪರ್ಕಗಳ ಪಟ್ಟಿಯಲ್ಲಿ ಒಂದು ಮನೆಯ ನಂಬರ್ ಬೇಕಾದರೆ, ಸ್ಕ್ರೀನಿನ ಮೇಲೆ ಮರದ ಅಡಿಪಟ್ಟಿ ಹಿಡಿದು ಒಂದೊಂದೇ ಸಾಲು ಕೆಳಗಿಳಿಸುತ್ತಾ ಹೋಗುತ್ತಿದ್ದರು. ಮಧ್ಯೆ ಯಾರಾದರೂ ಮಾತಾಡಿಸಿದರೆ ಪುನಃ ಮೊದಲಿನಿಂದ. ಕಂಟ್ರೋಲ್ ಒತ್ತಿ ಹಿಡಿದು ಎಫ್ ಒತ್ತಿ ನಂಬರ್ ಬರೆದರೆ ಅದೇ ಎದ್ದು ಬಂದು ನಿಲ್ಲುತ್ತದೆ ಎಂದು ಅಕ್ಕ ತೋರಿಸಿದ ದಿನ ಅವರು ಅಡಿಪಟ್ಟಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ, "ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿದ್ದೇನು?" ಎಂದರು. ಅಕ್ಕ, "ಕಣ್ಣಿಗೆ ವ್ಯಾಯಾಮ" ಎಂದರು. ಮಾರನೆಯ ದಿನ ಟಪಾಲಿನವರು ಮತ್ತೆ ಕೂಗಿದರು: "ಅಕ್ಕಾ, ಒಂದ್ನಿಮಿಷ! ಅದ್ಯಾವ ಅಕ್ಷರ, ಎಫ್ಫೋ ಎಸ್ಸೋ?"

ಪ್ರಿಂಟರ್ ಮುನಿಸಿಕೊಂಡರೆ ಅಕ್ಕನ ಔಷಧಿ ಒಂದೇ. ಆಫ್ ಮಾಡಬೇಕು, ಮೂವತ್ತು ಎಣಿಸಬೇಕು, ಆನ್ ಮಾಡಬೇಕು. ಅದೂ ಬಾಯಿಬಿಟ್ಟು ಎಣಿಸಬೇಕು. "ಮನಸ್ಸಲ್ಲಿ ಎಣಿಸಿದ್ರೆ ಎಲ್ಲರೂ ಒಂಬತ್ತಕ್ಕೇ ಮೂವತ್ತು ಮಾಡ್ತಾರೆ." ಹಾಗಾಗಿ ನಮ್ಮ ಕಚೇರಿಗೆ ಬಂದ ಹೊಸಬರಿಗೆ, ಐವತ್ತು ದಾಟಿದ ಹೆಡ್ ಕ್ಲಾರ್ಕ್ ಗೋಡೆಗೆ ಮುಖ ಮಾಡಿ ನಿಂತು ಗಟ್ಟಿಯಾಗಿ ಹದಿನಾರು, ಹದಿನೇಳು ಎನ್ನುವುದು ಕಂಡರೆ ಇದು ಶಾಲೆಯೋ ಕಚೇರಿಯೋ ಎಂದು ಅನುಮಾನ ಬರುತ್ತಿತ್ತು.

ನನ್ನ ಕಥೆಯೂ ಇದೇ. ಪಕ್ಕದ ಮೇಜಿನವನಾದ್ದರಿಂದ ನನಗೆ ಕೂಗುವ ಶ್ರಮವೂ ಇರಲಿಲ್ಲ. ಕತ್ತು ತಿರುಗಿಸಿದರೆ ಸಾಕು, ಅಕ್ಕ ಎದ್ದು ಬರುತ್ತಿದ್ದರು.

ಇನ್ನು ಸಾಹೇಬರು. ಅವರು ಬಂದ ಹೊಸದರಲ್ಲಿ ದೂರಿನ ಈಮೇಲುಗಳನ್ನೆಲ್ಲ ಪ್ರಿಂಟ್ ತೆಗೆಸಿ, ಅಂಚಿನಲ್ಲಿ ಹಸಿರು ಪೆನ್ನಿನಿಂದ ಉತ್ತರ ಬರೆದು, ಅದನ್ನು ಇನ್ನೊಬ್ಬರಿಂದ ಟೈಪ್ ಮಾಡಿಸಿ, ಮತ್ತೆ ಪ್ರಿಂಟ್ ತೆಗೆಸಿ ಸಹಿ ಹಾಕಿ, ಆ ಸಹಿಯನ್ನು ಸ್ಕ್ಯಾನ್ ಮಾಡಿಸಿ ಈಮೇಲಿನಲ್ಲೇ ಕಳಿಸುತ್ತಿದ್ದರು. ನಲ್ಲಿಯಲ್ಲಿ ನೀರಿಲ್ಲವೆಂದು ಬರೆದವರಿಗೆ ಉತ್ತರ ತಲುಪುವಷ್ಟರಲ್ಲಿ ಅವರು ಮನೆ ಬದಲಿಸಿರುತ್ತಿದ್ದರು. ಅಕ್ಕ ನೋಡುವಷ್ಟು ನೋಡಿದರು. ಕೊನೆಗೆ ಎಲ್ಲ ದೂರುಗಳನ್ನೂ, ಜೊತೆಗೆ ಸಿಬ್ಬಂದಿಯ ರಜೆ, ವರ್ಗಾವಣೆಯ ಅರ್ಜಿಗಳನ್ನೂ, ಒಂದೇ ಪಟ್ಟಿಗೆ ಸೇರಿಸಿದರು. ಒಂದೊಂದು ಅರ್ಜಿಗೆ ಒಂದೊಂದು ಸಾಲು. ನಂಬರು, ವಿಷಯ, ಅರ್ಜಿದಾರರ ಹೆಸರು, ಕೊನೆಯಲ್ಲಿ ಸಾಹೇಬರ ಉತ್ತರಕ್ಕೆ ಖಾಲಿ ಮನೆ. ಪೂರ್ತಿ ಅರ್ಜಿ ಓದಬೇಕೆಂದರೆ ನಂಬರಿನ ಮೇಲೆ ಒತ್ತಿದರೆ ತೆರೆಯುತ್ತಿತ್ತು.

ಸಾಹೇಬರಿಗೆ ಎರಡು ಬೆರಳಲ್ಲಿ ಟೈಪ್ ಮಾಡುವುದು ಕಷ್ಟವಲ್ಲವೇ, ಅದಕ್ಕೂ ಒಂದು ದಾರಿ ಮಾಡಿದರು. 'ಪಪ' ಎಂದು ಎರಡಕ್ಷರ ಒತ್ತಿ ಕೀಲಿಮಣೆಯ ಕೆಳಸಾಲಿನ ಉದ್ದದ ಕೀಲಿ ತಟ್ಟಿದರೆ ಸಾಕು, ಇಷ್ಟುದ್ದದ ಉತ್ತರ ತಾನಾಗಿಯೇ ಬಂದು ಕೂರುತ್ತಿತ್ತು:

'ತಮ್ಮ ಮನವಿಯನ್ನು ಸ್ವೀಕರಿಸಲಾಗಿದೆ. ಸದರಿ ವಿಷಯವು ಕಚೇರಿಯ ಪರಿಶೀಲನೆಯಲ್ಲಿದ್ದು, ಸಿಬ್ಬಂದಿ ಹಾಗೂ ಕೊಳವೆ ಸಾಮಗ್ರಿಗಳ ಲಭ್ಯತೆಯನ್ನು ಆಧರಿಸಿ ಸೂಕ್ತ ಕಾಲದಲ್ಲಿ ಕ್ರಮ ಕೈಗೊಳ್ಳಲಾಗುವುದು. ಅಲ್ಲಿಯವರೆಗೆ ತಾಳ್ಮೆಯಿಂದ ಸಹಕರಿಸಬೇಕಾಗಿ ಕೋರಿದೆ.'

"ಇದು ಮೊದಲನೇ ಉತ್ತರ ಸಾರ್" ಎಂದು ಅಕ್ಕ ಅಂದೇ ಹೇಳಿದ್ದರು. "ಅರ್ಜಿ ತಲುಪಿದೆ ಅಂತ ಜನಕ್ಕೆ ಗೊತ್ತಾಗಲಿ ಅಂತ. ಆಮೇಲೆ ನೀವು ಓದಿ, ನಿಜವಾದ ಉತ್ತರ ಬರೀಬೇಕು."

ಸಾಹೇಬರ ಕಿವಿಗೆ ಮೊದಲರ್ಧ ಬಿತ್ತು. ಎರಡನೇ ಅರ್ಧ ಬೀಳುವಷ್ಟರಲ್ಲಿ ಅವರು ಆಗಲೇ ಪಪ ಒತ್ತಿ ನೋಡುತ್ತಿದ್ದರು. ಅಕ್ಷರಗಳು ತಾವಾಗಿ ಓಡಿ ಬಂದು ಸಾಲುಗಟ್ಟಿದ್ದು ಕಂಡು ಅವರ ಮುಖ ಅರಳಿತು. ಆವತ್ತಿನಿಂದ ಮಧ್ಯಾಹ್ನ ಮೂರಕ್ಕೆ ಕೂತರೆ ಮೂರೂ ಎಂಟಕ್ಕೆ ನಲವತ್ತು ಅರ್ಜಿ ವಿಲೇವಾರಿ. ಕೆಳಗೆ ಒಂದು ಗುಂಡಿ ಒತ್ತಿದರೆ ಉತ್ತರಗಳು ಹೋಗಬೇಕಾದವರಿಗೆ ಹೋಗುತ್ತಿದ್ದವು, ಒಂದು ಪ್ರತಿ ಕೇಂದ್ರ ಕಚೇರಿಗೆ. ಬಾಕಿ ಸೊನ್ನೆ! ಕೇಂದ್ರ ಕಚೇರಿಯಿಂದ ಪ್ರಶಂಸಾಪತ್ರ ಬಂತು. ಅದಕ್ಕೆ ಚೌಕಟ್ಟು ಹಾಕಿಸಿ ಸಾಹೇಬರು ತಮ್ಮ ತಲೆಯ ಹಿಂದೆ, ಬಂದವರಿಗೆ ಎರಡೂ ಒಟ್ಟಿಗೆ ಕಾಣುವ ಹಾಗೆ, ತೂಗುಹಾಕಿಸಿದರು. 'ಶೀಘ್ರ ವಿಲೇವಾರಿಯ ರಹಸ್ಯ' ಎಂಬ ವಿಷಯದ ಮೇಲೆ ಬೇರೆ ಕಚೇರಿಗಳಲ್ಲಿ ಉಪನ್ಯಾಸ ಮಾಡಿ ಬಂದರು. ರಹಸ್ಯ ಎರಡಕ್ಷರದ್ದು ಎಂದು ಮಾತ್ರ ಎಲ್ಲೂ ಬಾಯಿಬಿಡಲಿಲ್ಲ.

ಊರಿನಲ್ಲಿ ನಲ್ಲಿಗಳು ಮೊದಲು ಹೇಗಿದ್ದವೋ ಹಾಗೇ ಇದ್ದವು. ಜನ ಮಾತ್ರ ಬೇಗಬೇಗ ತಾಳ್ಮೆಯಿಂದ ಸಹಕರಿಸತೊಡಗಿದರು.

ಇಷ್ಟು ಮಾಡಿಕೊಟ್ಟ ಅಕ್ಕನ ಮನೆ ಎಲ್ಲಿತ್ತು? ಎರಡು ಬಸ್ಸಿನಾಚೆ. ಹೋಗಲು ಒಂದೂಮುಕ್ಕಾಲು ಗಂಟೆ, ಬರಲು ಅಷ್ಟೇ. ಐದೂವರೆಗೆ ಹೊರಟರೆ ಎರಡೂ ಬಸ್ಸು ಕಾಯದೆ ಸಿಗುತ್ತವೆ. ಆದರೆ ಐದೂ ಇಪ್ಪತ್ತೈದಕ್ಕೆ ಹೆಡ್ ಕ್ಲಾರ್ಕಿನ ಒಂದ್ನಿಮಿಷ ಬರುತ್ತಿತ್ತು. ಹಾಗಾಗಿ ಅಕ್ಕ ಮನೆ ಸೇರುವುದು ಎಂಟು, ಎಂಟೂಕಾಲು. ಅವರ ಯಜಮಾನರು ಬೇಕರಿಯಲ್ಲಿ ಒಲೆಯ ಮುಂದಿನ ಕೆಲಸದವರು. ಬೆಳಗಿನ ಜಾವ ಮೂರಕ್ಕೆ ಏಳಬೇಕು, ಸಂಜೆ ಏಳೂವರೆಗೆ ಮಲಗಬೇಕು. ಒಬ್ಬರು ಬರುವಾಗ ಇನ್ನೊಬ್ಬರ ಗೊರಕೆ, ಒಬ್ಬರು ಹೋಗುವಾಗ ಇನ್ನೊಬ್ಬರ ನಿದ್ದೆ. ಹನ್ನೊಂದು ವರ್ಷದಿಂದ ಅವರ ಸಂಸಾರ ಫ್ರಿಜ್ಜಿನ ಬಾಗಿಲಿನ ಮೇಲೆ ನಡೆಯುತ್ತಿತ್ತು. ಚೀಟಿ ಬರೆದು ಅಂಟಿಸುವುದು.

ಒಂದು ದಿನ ಊಟದ ಹೊತ್ತಿನಲ್ಲಿ ಅಕ್ಕ ನನಗೆ ಇದನ್ನು ಹೇಳಿ ನಕ್ಕಿದ್ದರು. ಬರೆಯುವುದೂ ದಣಿವಾಗಿ, ಅದಕ್ಕೂ ಅವರು ದಾರಿ ಹುಡುಕಿದ್ದರು. ದಿನಾ ಬರೆಯುವ ಮಾತುಗಳು ಏಳೇ. ಅವನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ ನಂಬರ್ ಕೊಟ್ಟಿದ್ದರು. ಒಂದು, ಹಾಲು ಕಾಯಿಸಿದೆ. ಎರಡು, ಗ್ಯಾಸು ಮುಗಿಯುತ್ತಾ ಬಂತು. ಮೂರು, ಮಗಳು ಫೋನ್ ಮಾಡಿದ್ದಳು. ನಾಲ್ಕು, ಮೇಲಿನ ಮನೆಯವರ ನೀರು ಮತ್ತೆ ಸೋರುತ್ತಿದೆ. ಐದು, ನಾನು ಉಂಡೆ, ನೀನು ಉಣ್ಣು. ಆರು, ಬಟ್ಟೆ ಒಣಗಿಲ್ಲ. ಏಳು, ಸಿಟ್ಟಿಲ್ಲ.

ಏಳನೆಯದನ್ನು ಏಕೆ ಸೇರಿಸಬೇಕಾಯಿತೆಂದು ನಾನು ಕೇಳಲಿಲ್ಲ. ನಾನೂ ಮದುವೆಯಾದವನು.

ಆಮೇಲಿನಿಂದ ಚೀಟಿಯಲ್ಲಿ ಬರೀ ಅಂಕಿ. "1, 5." "3, 6, 7." ಬಹಳ ಸಲೀಸು ಎಂದು ಅಕ್ಕನೇ ಹೊಗಳಿಕೊಂಡಿದ್ದರು. ಆದರೆ ಒಂದು ಬುಧವಾರ ಬೆಳಗ್ಗೆ ಅವರು ಕಚೇರಿಗೆ ಬಂದಾಗ ಮುಖ ಬಾಡಿತ್ತು.

"ಏನಕ್ಕ?"

"ಚೀಟಿಯಲ್ಲಿ ಎಂಟು ಅಂತ ಬರೆದಿದಾರೆ."

"ಎಂಟು ಅಂದ್ರೆ?"

"ಎಂಟು ಇಲ್ಲವೇ ಇಲ್ಲ. ಏಳಕ್ಕೇ ಮುಗಿದಿದೆ."

"ಫೋನ್ ಮಾಡಿ ಕೇಳಿ."

"ಒಲೆ ಮುಂದೆ ಫೋನ್ ಬಿಡಲ್ಲ. ಮಧ್ಯಾಹ್ನ ಮಾಡೋಣ ಅಂದ್ರೆ..." ಅಷ್ಟರಲ್ಲಿ ಮೂರು ಕಡೆಯಿಂದ ಒಂದ್ನಿಮಿಷ ಬಂತು. ಮಧ್ಯಾಹ್ನವೂ ಅದೇ ಬಂತು. ಗುರುವಾರವೂ ಶುಕ್ರವಾರವೂ ಹಾಗೇ ಕಳೆದವು.

ಸೋಮವಾರ ಬಂದು ಹೇಳಿದರು. "ಹಲ್ಲು ನೋವಂತೆ. ಪಟ್ಟಿಯಲ್ಲಿ ಹಲ್ಲುನೋವು ಇರಲಿಲ್ಲವಲ್ಲ, ಅದಕ್ಕೆ ಎಂಟು ಅಂತ ಬರೆದರಂತೆ. ಗುರುವಾರ ಕೀಳಿಸಿಕೊಂಡು ಬಂದಿದಾರೆ. ಭಾನುವಾರ ಊಟಕ್ಕೆ ಕೂತಾಗ ನಕ್ಕರಲ್ಲ, ಆಗ ನೋಡಿದೆ. ಬಾಯಲ್ಲಿ ಕಿಟಕಿ." ಅಕ್ಕ ನಗಲು ನೋಡಿದರು, ಆಗಲಿಲ್ಲ. "ಊರಿನವರೆಲ್ಲರ ಪ್ರಿಂಟರಿಗೆ ಏನಾಗಿದೆ ಅಂತ ನನಗೆ ಗೊತ್ತು ಕಣ್ರೀ. ನಮ್ಮನೆಯವರ ಬಾಯಲ್ಲಿ ಎಷ್ಟು ಹಲ್ಲಿದೆ ಅಂತ ಗೊತ್ತಿಲ್ಲ."

ಆವತ್ತೇ ಅವರು ವರ್ಗಾವಣೆಗೆ ಅರ್ಜಿ ಹಾಕಿದರು. ಅವರ ಮನೆಯಿಂದ ಹತ್ತು ನಿಮಿಷ ನಡೆದರೆ ನಮ್ಮದೇ ಉಪಕಚೇರಿ ಇತ್ತು. ಅಲ್ಲಿಯ ಗುಮಾಸ್ತರು ನಿವೃತ್ತರಾಗಿ ಜಾಗ ಖಾಲಿ ಬಿದ್ದಿತ್ತು. ನಾಲ್ಕು ತಿಂಗಳೊಳಗೆ ಯಾರೂ ಹೋಗದಿದ್ದರೆ ಹೊರಗಿನವರನ್ನು ಹಾಕುತ್ತಾರೆ. ಅರ್ಜಿಯಲ್ಲಿ ಕಾರಣ ಎನ್ನುವ ಕಡೆ ಅಕ್ಕ ಬರೆದದ್ದು ಒಂದೇ ಸಾಲು: 'ಸಂಜೆ ಬೆಳಕಿರುವಾಗ ಮನೆ ಸೇರುವ ಸಲುವಾಗಿ.'

"ಇದು ಕಾರಣಾನಾ?" ಎಂದೆ ನಾನು. "ಮಂಡಿನೋವು ಅಂತ ಬರೀರಿ. ಡಾಕ್ಟರ ಚೀಟಿ ಇಡಿ."

"ಮಂಡಿ ನೋಯಲ್ವಲ್ಲ. ಉಳಿದಿದ್ದೆಲ್ಲ ನೋಯುತ್ತೆ."

ಮೂರನೇ ದಿನ ಉತ್ತರ ಬಂತು. ಅಕ್ಕ ಅದನ್ನು ಓದಿ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. 'ತಮ್ಮ ಮನವಿಯನ್ನು ಸ್ವೀಕರಿಸಲಾಗಿದೆ. ಸದರಿ ವಿಷಯವು ಕಚೇರಿಯ ಪರಿಶೀಲನೆಯಲ್ಲಿದ್ದು, ಸಿಬ್ಬಂದಿ ಹಾಗೂ ಕೊಳವೆ ಸಾಮಗ್ರಿಗಳ ಲಭ್ಯತೆಯನ್ನು ಆಧರಿಸಿ...'

"ನಾನು ಮನೆಗೆ ಹೋಗೋದಕ್ಕೂ ಕೊಳವೆಗೂ ಏನ್ರೀ ಸಂಬಂಧ?" ಎಂದರು. ಆಮೇಲೆ, "ವಾಕ್ಯ ಚೆನ್ನಾಗಿದೆ ಅಲ್ವಾ? ನಾನೇ ಬರೆದಿದ್ದು" ಎಂದರು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಕೆಟ್ಟದ್ದು ಮಾಡಿದವರಿಗೆ ಮಾತ್ರ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಬಾಯಲ್ಲಿ ಹೇಳಲು ಮೂರು ಸಲ ಸಾಹೇಬರ ಕೋಣೆಗೆ ಹೋದರು. ಮೊದಲನೇ ಸಲ ಬಾಗಿಲು ತಳ್ಳುತ್ತಲೇ ಸಾಹೇಬರು, "ಬಂದ್ರಾ ಅಕ್ಕ, ಒಳ್ಳೇ ಸಮಯಕ್ಕೆ ಬಂದ್ರಿ! ಈ ಮೌಸು ನೋಡಿ, ಇಲ್ಲಿ ಎಳೆದ್ರೆ ಅಲ್ಲಿ ಹೋಗುತ್ತೆ" ಎಂದರು. ಎರಡನೇ ಸಲ ಅವರ ಮಗನ ಮದುವೆಯ ಫೋಟೋಗಳು ಫೋನಿನಿಂದ ಮಾಯವಾಗಿದ್ದವು. ಮೂರನೇ ಸಲ ಅಕ್ಕ ಗಟ್ಟಿ ಮನಸ್ಸು ಮಾಡಿ, "ಸಾರ್, ನನ್ನದೊಂದು ಮಾತಿದೆ" ಎಂದರಂತೆ. ಸಾಹೇಬರು, "ಮಾತು ಯಾಕೆ ಅಕ್ಕ, ಅರ್ಜಿ ಹಾಕಿ! ನನ್ನ ಹತ್ರ ಬಾಕಿ ಸೊನ್ನೆ, ನಿಮಗೇ ಗೊತ್ತಲ್ಲ" ಎಂದು ತಲೆಯ ಹಿಂದಿನ ಚೌಕಟ್ಟು ತೋರಿಸಿದರಂತೆ.

ಅಕ್ಕ ಎರಡನೇ ಅರ್ಜಿ ಹಾಕಿದರು. ಕೊಳವೆ ಸಾಮಗ್ರಿ. ಮೂರನೇ ಅರ್ಜಿ. ಕೊಳವೆ ಸಾಮಗ್ರಿ. ಖಾಲಿ ಜಾಗದ ಗಡುವಿಗೆ ಹನ್ನೆರಡು ದಿನ ಉಳಿಯಿತು.

ಆಗ ನಾನು, ಉಪಾಯ ಹೇಳುವುದರಲ್ಲಿ ಮಾತ್ರ ಚುರುಕಾದವನು, ಕುರ್ಚಿ ಹತ್ತಿರ ಎಳೆದುಕೊಂಡು ಪಿಸುಗುಟ್ಟಿದೆ. "ಅಕ್ಕ, ಬೀಗ ಮಾಡಿದವರೇ ನೀವು. ಪಪ ಒತ್ತಿದ್ರೆ 'ಅರ್ಜಿಯನ್ನು ಮಂಜೂರು ಮಾಡಿದೆ' ಅಂತ ಬರೋ ಹಾಗೆ ಒಂದೇ ಒಂದು ದಿನ ಬದಲಾಯಿಸಿಬಿಡಿ. ಅವರೆಲ್ಲಿ ಓದ್ತಾರೆ?"

ಅಕ್ಕ ತಣ್ಣಗಾದ ಚಹಾದ ಮುಚ್ಚಳ ತೆಗೆದು, ನೋಡಿ, ಮತ್ತೆ ಮುಚ್ಚಿದರು. "ಅದು ಆಗಲ್ಲ. ನಾನು ಬರೆದಿದ್ದನ್ನ ನಾನು ಅಳಿಸಬಹುದು. ಅವರು ಬರೀಬೇಕಾದ್ದನ್ನ ನಾನು ಬರೆಯೋದು ಸರಿಯಲ್ಲ."

"ಸರಿ, ಹಾಗಿದ್ರೆ ಕೊಳವೆ ಸಾಮಗ್ರಿ ಕಾಯ್ತಾ ಕೂತಿರಿ."

ಸಂಜೆ ಐದೂ ಇಪ್ಪತ್ತಕ್ಕೆ ಸಾಹೇಬರು ಹೊರಟ ಮೇಲೆ ಅಕ್ಕ ಅವರ ಕೋಣೆಗೆ ಹೋಗಿ ಎರಡೇ ನಿಮಿಷದಲ್ಲಿ ಹೊರಬಂದರು. ಹೆಡ್ ಕ್ಲಾರ್ಕಿನ ಹತ್ತಿರ ಹೋಗಿ ಒಂದು ಚೀಟಿ ಕೊಟ್ಟರು. ಮಾರನೆಯ ದಿನಕ್ಕೆ ಒಂದು ದಿನದ ರಜೆ. ಹೆಡ್ ಕ್ಲಾರ್ಕ್ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಎರಡು ವರ್ಷದಲ್ಲಿ ಅಕ್ಕ ಕೇಳಿದ ಮೊದಲ ರಜೆ.

"ನಾಳೆ ಪ್ರಿಂಟರ್ ಕೆಟ್ರೆ?"

"ಮೂವತ್ತು ಎಣಿಸಿ."

ಮಾರನೆಯ ಮಧ್ಯಾಹ್ನ ಮೂರಕ್ಕೆ ಸಾಹೇಬರು ಬೆರಳು ನೆಟಿಗೆ ಮುರಿದು ಪಟ್ಟಿ ತೆರೆದರು. ನಲವತ್ತೊಂದು ಅರ್ಜಿ. ಮೊದಲನೇ ಸಾಲಿನ ಖಾಲಿ ಮನೆಯಲ್ಲಿ ಪಪ ಒತ್ತಿ ಉದ್ದದ ಕೀಲಿ ತಟ್ಟಿದರು. ಪಪ ಎಂದೇ ಕೂತಿತು. ಮತ್ತೆ ತಟ್ಟಿದರು. ಪಪ ಪಪ. ಬೆಲ್ ಬಾರಿಸಿದರು. "ಅಕ್ಕನ್ನ ಕರೀರಿ, ಒಂದ್ನಿಮಿಷ!"

"ರಜೆ ಸಾರ್" ಎಂದರು ಹೆಡ್ ಕ್ಲಾರ್ಕ್.

"ರಜೆನಾ! ಯಾರು ಕೊಟ್ಟೋರು?"

"ನೀವೇ ಸಾರ್. ಅಂದ್ರೆ... ಒಂದು ದಿನದ ರಜೆ ನಾನೇ ಕೊಡಬಹುದು ಅಂತ ನೀವೇ ಹೇಳಿದ್ರಿ."

ಅಕ್ಕನ ಪಕ್ಕ ಕೂರುವವನಿಗೆ ಅಕ್ಕನ ವಿದ್ಯೆ ಗಾಳಿಗಾದರೂ ಸೋಕಿರಬಹುದೆಂದು ನನ್ನನ್ನು ಒಳಗೆ ಕರೆದರು. ನಾನು ಗಂಭೀರವಾಗಿ ಕಂಪ್ಯೂಟರನ್ನು ಆಫ್ ಮಾಡಿ, ಬಾಯಿಬಿಟ್ಟು ಮೂವತ್ತು ಎಣಿಸಿ, ಆನ್ ಮಾಡಿದೆ. ಪಪ ಪಪ. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಹೋಗಲು ನೋಡಿದರೆ ಸಾಹೇಬರು, "ಇಲ್ಲೇ ಇರಿ, ಜೊತೆಗೆ" ಎಂದರು, ಕತ್ತಲೆಗೆ ಹೆದರುವವರ ಹಾಗೆ.

ಬಾಕಿ ಸೊನ್ನೆ ಎನ್ನುವ ಹೆಸರು ಉಳಿಸಿಕೊಳ್ಳಬೇಕಲ್ಲ. ಎರಡು ಬೆರಳಲ್ಲಿ ಶುರು ಮಾಡಿದರು. 'ತಮ್ಮ ಮನವಿಯನ್ನು...' ಒಂದು ಉತ್ತರ ಮುಗಿಯುವಷ್ಟರಲ್ಲಿ ಹನ್ನೊಂದು ನಿಮಿಷ. ಹಣೆಯಲ್ಲಿ ಬೆವರು. ಎರಡನೆಯದರಲ್ಲಿ ಕೊಳವೆ ಸಾಮಗ್ರಿ ಬಿಟ್ಟರು. ಮೂರನೆಯದರಲ್ಲಿ 'ಸೂಕ್ತ ಕಾಲದಲ್ಲಿ' ಎಂದಷ್ಟೇ ಬರೆದು, ನೋಡಿ, ಇದೇನಿದು ಜ್ಯೋತಿಷ್ಯದ ಹಾಗಿದೆ ಎಂದು ಅಳಿಸಿದರು. ಆಮೇಲೆ, ಬೇರೆ ದಾರಿ ಕಾಣದೆ, ಪಪ ಬಂದ ಮೇಲೆ ಮೊಟ್ಟಮೊದಲ ಬಾರಿಗೆ ಒಂದು ಅರ್ಜಿಯನ್ನು ತೆರೆದು ಓದಿದರು.

"ಆಸ್ಪತ್ರೆ ಹಿಂದಿನ ಬೀದಿ. ನೀರು ಬಿಡೋ ಕವಾಟ ತಿರುಗಿಸೋಕೆ ಜನ ಬರ್ತಿಲ್ಲ, ಎರಡು ವರ್ಷದಿಂದ ನೀರಿಲ್ಲ. ಎರಡು ವರ್ಷ! ಕವಾಟ ತಿರುಗಿಸೋಕೆ ಏನ್ರೀ ಕಷ್ಟ?"

"ಏನೂ ಇಲ್ಲ ಸಾರ್. ಒಂದ್ನಿಮಿಷದ ಕೆಲಸ."

ಸಾಹೇಬರು ಬರೆದರು: 'ಮಾಡಿ.' ಎರಡಕ್ಷರ. ಕಣ್ಣು ಅಗಲವಾಯಿತು. ಇಲ್ಲ ಎನ್ನಲು ಮೂರು ವಾಕ್ಯ ಬೇಕು, ಹೂಂ ಎನ್ನಲು ಒಂದು ಪದ ಸಾಕು! ಅಲ್ಲಿಂದ ಗಾಡಿ ಓಡಿತು. 'ಮಾಡಿ.' 'ಕೊಡಿ.' 'ಆಗಲಿ.' 'ಒಪ್ಪಿದೆ.' ಇಡೀ ವರ್ಷದಲ್ಲಿ ಆಗದ ಕೆಲಸಗಳಿಗೆ ಆ ಒಂದು ಮಧ್ಯಾಹ್ನ, ಬೆರಳು ನೋವಿನ ದೆಸೆಯಿಂದ, ಅಪ್ಪಣೆಯಾಯಿತು.

ಮೂವತ್ತೆಂಟನೆಯದಕ್ಕೆ ಬಂದು ನಿಂತರು. ನಾನು ಅವರ ಹೆಗಲ ಮೇಲಿಂದ ನೋಡಿದೆ. ಅಕ್ಕ ಹಿಂದಿನ ಸಂಜೆ ಸದ್ದಿಲ್ಲದೆ ಹಾಕಿಹೋದ ನಾಲ್ಕನೇ ಅರ್ಜಿ.

"ಸಂಜೆ ಬೆಳಕಿರುವಾಗ ಮನೆ ಸೇರುವ ಸಲುವಾಗಿ" ಎಂದು ಸಾಹೇಬರು ಮೆಲ್ಲಗೆ ಓದಿದರು. "ಇದೆಂಥ ಕಾರಣ?" ಆಮೇಲೆ ಕೆಳಗಿದ್ದ ಹೆಸರಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು. "ಇವರು ಯಾರ್ರೀ?"

ಮೂರು ವರ್ಷದಿಂದ ದಿನಕ್ಕೆ ಐದು ಸಲ ಕರೆಸಿಕೊಂಡವರ ಹೆಸರು ಇವರಿಗೆ ಗೊತ್ತಿಲ್ಲ! ಅಕ್ಕ ಎಂದರೆ ಅಕ್ಕ, ಅಷ್ಟೇ. ಹೇಳಿಬಿಟ್ಟರೆ ಅರ್ಜಿ ಅಲ್ಲಿಗೇ ಸತ್ತಿತು. ಅಕ್ಕನನ್ನು ಯಾವ ಸಾಹೇಬರು ತಾನೇ ಕಳಿಸಿಕೊಡುತ್ತಾರೆ? ಹೇಳದಿದ್ದರೆ, ನಾಳೆ ನಾನು ಕತ್ತು ತಿರುಗಿಸಿದಾಗ ಎದ್ದು ಬರುವವರು ಯಾರು? ನಿಜ ಹೇಳುತ್ತೇನೆ, ಎರಡನೆಯ ಯೋಚನೆಯೇ ಮೊದಲು ಬಂದದ್ದು. ನನ್ನ ಮೇಜಿನ ಮೇಲೆ ಆವತ್ತೂ ಒಂದು ಫೈಲು ತೆರೆಯದೆ ಕೂತಿತ್ತು.

"ಒಬ್ಬರು ಗುಮಾಸ್ತೆ ಸಾರ್" ಎಂದೆ. "ನಮ್ಮ ದೂರು ವಿಭಾಗದವರು."

"ಕೆಲಸ ಹೇಗೆ?"

"ಸುಸ್ತಾಗಿದಾರೆ ಸಾರ್."

"ಸುಸ್ತಾದೋರನ್ನ ಇಟ್ಕೊಂಡು ಏನು ಮಾಡೋದು, ಹೋಗ್ಲಿ ಬಿಡಿ" ಎಂದು ಸಾಹೇಬರು 'ಒಪ್ಪಿದೆ' ಎಂದು ಒತ್ತಿದರು. ನಲವತ್ತೊಂದೂ ಮುಗಿದು ಕೆಳಗಿನ ಗುಂಡಿ ಒತ್ತಿದಾಗ ಗಂಟೆ ಐದೂಕಾಲು. ಉತ್ತರಗಳು ಹೋದವು, ಪ್ರತಿ ಕೇಂದ್ರ ಕಚೇರಿಗೆ ಹೋಯಿತು. ಸಾಹೇಬರು ಬೆರಳುಗಳನ್ನು ತಣ್ಣೀರಿನ ಲೋಟದಲ್ಲಿ ಅದ್ದಿಕೊಂಡು ಕೂತರು.

ಮಾರನೆಯ ದಿನ ಅಕ್ಕ ಬಂದರು. ಹಿಂದಿನ ದಿನ ಏನು ಮಾಡಿದಿರೆಂದು ಕೇಳಿದೆ. "ಮಲಗಿದ್ದೆ" ಎಂದರು. ಸ್ಕ್ರೀನಿನಲ್ಲಿ ತಮ್ಮ ಅರ್ಜಿಯ ಉತ್ತರವನ್ನು ಎರಡು ಸಲ ಓದಿದರು. ಅಷ್ಟರಲ್ಲಿ ಬೆಲ್ಲು. ಪಪ ಸರಿಮಾಡಲು ಕರೆ. ಹೆಡ್ ಕ್ಲಾರ್ಕ್ ಅದಾಗಲೇ ಒಳಗೆ ಹೋಗಿ ವರ್ಗಾವಣೆಯ ಆದೇಶ ತೋರಿಸಿ, "ಸಾರ್, ಅಕ್ಕನ್ನ ಕಳಿಸಿಬಿಟ್ರಲ್ಲ" ಎಂದಿದ್ದರು, ಕಣ್ಣೀರು ಹಾಕುವುದೊಂದು ಬಾಕಿ. ಸಾಹೇಬರು ನನ್ನನ್ನೂ ಕರೆಸಿದರು.

"ನೀವು ಯಾರೋ ಗುಮಾಸ್ತೆ ಅಂದ್ರಿ!"

"ಗುಮಾಸ್ತೆನೇ ಅಲ್ವಾ ಸಾರ್?"

ಸಾಹೇಬರು ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿದರು. ಆದೇಶ ಕೇಂದ್ರ ಕಚೇರಿಗೆ ತಲುಪಿದೆ. ಹಿಂದಕ್ಕೆ ಪಡೆಯಬೇಕೆಂದರೆ ತಪ್ಪು ಹೇಗಾಯಿತೆಂದು ಎರಡು ಪುಟದ ವಿವರಣೆ ಬರೆಯಬೇಕು. ಅವರು ತಮ್ಮ ಊದಿದ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಅಭ್ಯಾಸಬಲದಿಂದ ಹೇಳಿಯೇಬಿಟ್ಟರು: "ಅಕ್ಕ, ನಿಮ್ಮ ವರ್ಗಾವಣೆ ರದ್ದು ಮಾಡೋಕೆ ಒಂದು ಪತ್ರ ಬೇಕು. ಒಂದ್ನಿಮಿಷ, ಟೈಪ್ ಮಾಡಿಕೊಡ್ತೀರಾ?"

ಅಕ್ಕ ಸಿಟ್ಟಾಗಲಿಲ್ಲ. ಸಿಟ್ಟಿಗೂ ಸ್ವಲ್ಪ ಶಕ್ತಿ ಬೇಕಾಗುತ್ತದೆ.

"ಅದಕ್ಕೆ ಶಾರ್ಟ್‌ಕಟ್ ಇಲ್ಲ ಸಾರ್" ಎಂದರು. "ನೀವೇ ಬರೀಬೇಕು."

ಸ್ಕ್ರೀನಿನ ಮೇಲೆ ಅರ್ಜಿ ತೆರೆದೇ ಇತ್ತು. ಸಾಹೇಬರು ಅದನ್ನು ಇನ್ನೊಮ್ಮೆ ಓದಿದರು.

"ಎಷ್ಟು ಹೊತ್ತಿಗೆ ಮನೆ ಸೇರ್ತೀರಿ ಈಗ?"

"ಎಂಟು. ಎಂಟೂಕಾಲು."

"ಎಷ್ಟು ವರ್ಷದಿಂದ?"

"ಹನ್ನೊಂದು ಸಾರ್."

"ನಾನು ಆರಕ್ಕೇ ಮನೇಲಿರ್ತೀನಿ" ಎಂದರು ಸಾಹೇಬರು, ಯಾರೂ ಕೇಳದಿದ್ದರೂ. ಆಮೇಲೆ ಕೀಲಿಮಣೆಯನ್ನು ಮೆಲ್ಲಗೆ ಆಚೆ ತಳ್ಳಿ, "ಹೋಗಿ ಬನ್ನಿ... ಅಂದ್ರೆ, ಹೋಗಿ" ಎಂದರು.

ಪಪ ವಾಪಸ್ಸು ಹಾಕಿಕೊಡಿ ಎಂದು ಮಾತ್ರ ಕೇಳಲಿಲ್ಲ. ನಾಚಿಕೆಯೋ ಮರೆವೋ ಗೊತ್ತಿಲ್ಲ. ಈಗಲೂ ಅವರು ಎರಡು ಬೆರಳಲ್ಲೇ ಒತ್ತುತ್ತಾರೆ, ಬಾಕಿ ನೂರರ ಮೇಲಿದೆ, ಚೌಕಟ್ಟಿಗೆ ಧೂಳು ಕೂತಿದೆ. ಆಸ್ಪತ್ರೆಯ ಹಿಂದಿನ ಬೀದಿಗೆ ನೀರು ಬರುತ್ತಿದೆ.

ಅಕ್ಕ ಹೋಗುವ ಮುನ್ನ ಒಂದು ವಾರ ಚೀಟಿ ಬರೆದರು. ಒಂದೊಂದು ಯಂತ್ರಕ್ಕೂ ಒಂದೊಂದು. ಟಪಾಲಿನವರ ಸ್ಕ್ರೀನಿನ ಅಂಚಿಗೆ, 'ಎಫ್. ಎಸ್ ಅಲ್ಲ.' ಪ್ರಿಂಟರಿನ ನೆತ್ತಿಗೆ, 'ಆಫ್. ಬಾಯಿಬಿಟ್ಟು ಮೂವತ್ತು. ಆನ್.' ನಾವು ಆ ಚೀಟಿಗಳನ್ನು ಬಹಳ ಗೌರವದಿಂದ ನೋಡಿಕೊಂಡೆವು. ಹದಿನೈದು ದಿನದಲ್ಲಿ ಅರ್ಧ ಉದುರಿದವು, ಉಳಿದರ್ಧದ ಮೇಲೆ ಯಾರೋ ಫೋನ್ ನಂಬರುಗಳನ್ನು ಬರೆದಿದ್ದರು.

ಮೊನ್ನೆ ಐದೂವರೆ ದಾಟಿದ ಮೇಲೆ ನನ್ನ ಪ್ರಿಂಟರ್ ಕೈಕೊಟ್ಟಿತು. ನಾಳೆಗೆ ಬೇಕಾದ ಕಾಗದ ಅರ್ಧ ನುಂಗಿ ಕೆಂಪು ದೀಪ ಮಿನುಗಿಸುತ್ತಾ ನಿಂತಿತು. ಬಲಗಡೆ ಕತ್ತು ತಿರುಗಿಸಿದೆ. ಖಾಲಿ ಕುರ್ಚಿ, ಅರ್ಧ ಕಿಟಕಿ. ತಡೆಯಲಾಗದೆ ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದವರು ಅವರ ಯಜಮಾನರು. ಒಂದು ಹಲ್ಲು ಕಡಿಮೆ ಇರುವ ದನಿ, ಸಕಾರ ಸ್ವಲ್ಪ ಜಾರುತ್ತಿತ್ತು.

"ಅವಳು ಮೆಟ್ಟಿಲ ಮೇಲೆ ಕೂತಿದಾಳೆ, ಚಹಾ ಕುಡೀತಾ."

"ಬಿಸಿಯಾಗಿದೆಯಾ?" ಎಂದೆ, ಏಕೆ ಕೇಳಿದೆನೋ.

"ಈಗ ತಾನೇ ಮಾಡಿಕೊಟ್ಟೆ. ಏನಾಗ್ಬೇಕಿತ್ತು? ಕರೀಲಾ?"

"ಬೇಡ, ಬೇಡ. ಏನಿಲ್ಲ, ಪ್ರಿಂಟರು..."

"ಓಹೋ" ಎಂದರು ಬೇಕರಿಯವರು, ಬಹಳ ತಿಳಿದವರ ಹಾಗೆ. "ಆಫ್ ಮಾಡಿ, ಮೂವತ್ತು ಎಣಿಸಿ, ಆನ್ ಮಾಡಿ. ಮನಸ್ಸಲ್ಲಿ ಅಲ್ಲ, ಬಾಯಿಬಿಟ್ಟು ಎಣಿಸಬೇಕಂತೆ."

ಫೋನ್ ಇಟ್ಟೆ. ಕಚೇರಿಯಲ್ಲಿ ಎಲ್ಲರೂ ಹೊರಟಿದ್ದರು. ಗುಂಡಿ ಒತ್ತಿ, ಗೋಡೆಗೆ ಮುಖ ಮಾಡಿ ನಿಂತು, ಒಂದು, ಎರಡು ಎಂದು ಶುರು ಮಾಡಿದೆ. ಒಂಬತ್ತಕ್ಕೆ ನಿಲ್ಲಿಸಿಬಿಡೋಣ ಎನ್ನಿಸಿತು. ನಿಲ್ಲಿಸಲಿಲ್ಲ.